ಚೆಲ್ಲಿದ್ದು ಅರ್ಧ ಲೀಟರ್

ಐಮಂಗಲದ ಬಂಕಿನಿಂದ ಎರಡು ಕ್ಯಾನು,
ಬೈಕಿನ ಎಡಕ್ಕೊಂದು ಬಲಕ್ಕೊಂದು
ಕತ್ತೆಗೆ ಹೇರಿದಂತೆ ಹೇರಿಕೊಂಡು
ದಿನ ಬಿಟ್ಟು ದಿನ ಗುಡ್ಡ ಹತ್ತುತ್ತೇನೆ.
ಮೇಲೆ ಟವರು. ಬುಡದಲ್ಲಿ ಹಸಿರು ಪೆಟ್ಟಿಗೆಯೊಳಗೆ
ಗುಡುಗುಡು ಅನ್ನುವ ನನ್ನ ಅನ್ನ.

ಸುತ್ತಲೂ ಗಾಳಿ ಫ್ಯಾನುಗಳು. ಎಣಿಸಿದ್ದೇನೆ, ಮೂವತ್ತೇಳು.
ಒಂದೊಂದು ರೆಕ್ಕೆಯೂ ನಮ್ಮ ಹಟ್ಟಿಯ ಬೀದಿಗಿಂತ ಉದ್ದ.
ಅವು ತಿರುಗಿ ತಿರುಗಿ ತೆಗೆದದ್ದೆಲ್ಲ
ದಪ್ಪ ತಂತಿ ಹಿಡಿದು, ನನ್ನ ನೆತ್ತಿಯ ಮೇಲೇ
ಗುಂಯ್ ಅಂತ ಹೋಗುತ್ತದೆ.
ಎಲ್ಲಿಗೆ ಅಂತ ಒಮ್ಮೆ ಎಂಜಿನಿಯರನ್ನು ಕೇಳಿದೆ.
ದಕ್ಷಿಣಕ್ಕೆ ಕೈ ತೋರಿಸಿದ, ಆಮೇಲೆ ಯಾಕೋ ಉತ್ತರಕ್ಕೂ.
"ಗ್ರಿಡ್ಡಿಗೆ."
ಗ್ರಿಡ್ಡು ಅನ್ನುವ ಊರನ್ನು ನಾನು ಕಂಡಿಲ್ಲ.
ಅಲ್ಲಿಗೆ ಬಸ್ಸೂ ಇದ್ದಂತಿಲ್ಲ.
ಫ್ಯಾನಿನ ನೆರಳು ಬೀಳುವ ಹಟ್ಟಿಯಲ್ಲಿ ಮಾತ್ರ
ಕರೆಂಟು ಹೋದರೆ ಮೂರು ದಿನ.
ಅದಕ್ಕೇ ಟವರಿಗೆ ಡೀಸೆಲ್ಲು,
ಡೀಸೆಲ್ಲಿಗೆ ನಾನು,
ನನಗೊಂದು ಲಾಗ್ ಬುಕ್ಕು.

ಜಿಲಾನ್ ಸಾಬ್ ಬರುತ್ತಾನೆ ತಿಂಗಳಿಗೊಮ್ಮೆ, ಫಿಲ್ಟರು ಬದಲಿಸಲು.
ದಮ್ಮಾಮಿನಲ್ಲಿ ಆರು ವರ್ಷ ದುಡಿದವನು,
ಈ ಎಣ್ಣೆಯನ್ನು ಅದರ ತವರಿನಲ್ಲೇ ಕಂಡವನು.
ಮರಳಿನ ಹೊಟ್ಟೆ ಬಗೆದು, ಹಡಗು ಹತ್ತಿ, ಮಂಗಳೂರಲ್ಲಿ ಇಳಿದು,
ಘಟ್ಟವನ್ನು ಕೊಳವೆಯೊಳಗೇ ಏರಿ, ಲಾರಿಯಲ್ಲಿ ಕುಲುಕಿ
ಕೊನೆಯ ನಾಕು ಕಿಲೋಮೀಟರು
ನನ್ನ ಬೈಕಿನ ಮೇಲೆ ತುಳುಕುತ್ತದೆ ಅದು.
ಸಾಬ್ ಮೇಲೆ ನೋಡುತ್ತಾನೆ, ತಂತಿ ಕಡೆ.
ಕೆಳಗೆ ನೋಡುತ್ತಾನೆ, ಕ್ಯಾನಿನ ಕಡೆ.
"ಮನೆ ಹಾಲು ಡೈರಿಗೆ, ಪಾಲಯ್ಯ,
ಮಕ್ಕಳಿಗೆ ಪ್ಯಾಕೆಟ್ಟು."
ಅಷ್ಟು ಹೇಳಿ ಸ್ಪ್ಯಾನರು ಒರೆಸುತ್ತಾನೆ.

ಪಾಪಕ್ಕ ಬಂದದ್ದು ಅಮಾವಾಸ್ಯೆಯ ಹಿಂದಿನ ಸಂಜೆ,
ಸೆರಗಿನಲ್ಲಿ ಒಂದು ಗಾಜಿನ ಬುಡ್ಡಿ ಮರೆಮಾಡಿ.
"ಸೊಸೈಟ್ಯಾಗೆ ಸೀಮೆಎಣ್ಣೆ ನಿಲ್ಸಿ ಯಾವ ಕಾಲ ಆತೋ.
ಮೇಕೆ ಈಯಾಕೆ ಕುಂತೈತೆ. ಕತ್ಲಾಗೆ ಹೆಂಗೆ ನೋಡ್ಲಿ?"
ಇದು ಕಂಪನಿದು ಪಾಪಕ್ಕ, ಅಂದೆ.
"ಗಾಳಿ ಯಾವ ಕಂಪನಿದೋ?"
ನನ್ನ ಹತ್ತಿರ ಉತ್ತರವಿರಲಿಲ್ಲ.
"ಯಾವ ಸೀಮೆ ಕಾವಲುಗಾರನೋ ನೀನು" ಅಂದಳು,
ಬಯ್ದಂತೆಯೂ ಇತ್ತು, ವಿಳಾಸ ಕೇಳಿದಂತೆಯೂ ಇತ್ತು.

ಪೈಪನ್ನು ಬಾಯಿಗಿಟ್ಟು ಎಳೆದೆ.
ಒಂದು ಗುಟುಕು ನಾಲಿಗೆಗೇ ಬಂತು.
ಎರಡು ದಿನ ಮುದ್ದೆಗೂ ಅದೇ ರುಚಿ, ಮಾತಿಗೂ ಅದೇ.
"ಹೊಗೆ ಜಾಸ್ತಿ ಇದ್ರದ್ದು, ಬತ್ತಿ ಸಣ್ಣ ಮಾಡ್ಕ."
ಅವಳು ಇಳಿದು ಹೋದ ಮೇಲೆ ಪೆನ್ನು ಹುಡುಕಿದೆ.
ಓಡಿದ್ದು: ಐದು ಗಂಟೆ ಹತ್ತು ನಿಮಿಷ.
ಕುಡಿದದ್ದು: ಹನ್ನೆರಡು ಲೀಟರ್.
ಚೆಲ್ಲಿದ್ದು: ಅರ್ಧ.

ಒಬ್ಬಳಿಗೆ ಕೊಟ್ಟದ್ದು ಹಟ್ಟಿಗೆ ತಿಳಿಯದೆ ಇರುತ್ತದೆಯೇ?

ದಾವಣಗೆರೆಯಿಂದ ಸೂಪರ್‌ವೈಸರ್ ಬಂದ, ಮೀಸೆ ಇನ್ನೂ ಬಲಿಯದ ಹುಡುಗ.
ಟ್ಯಾಂಕಿಗೆ ಕಡ್ಡಿ ಅದ್ದಿ, ಬೆಳಕಿಗೆ ಹಿಡಿದು,
ಪುಟ ತಿರುವಿದ.
"ಹನ್ನೊಂದು ತಿಂಗಳಲ್ಲಿ ಇಪ್ಪತ್ತಾರು ಸಲ ಚೆಲ್ಲಿದೆ.
ಕೈ ನಡುಗುತ್ತೇನ್ರೀ?"
ಗಾಳಿ ಸಾರ್, ಅಂದೆ. ಗುಡ್ಡದ ಮೇಲೆ ಗಾಳಿ ಜಾಸ್ತಿ.
ಅವನು ತಲೆ ಎತ್ತಿದ. ನಾನೂ ಎತ್ತಿದೆ.
ಮೂವತ್ತೇಳರಲ್ಲಿ ಒಂದೂ ತಿರುಗುತ್ತಿರಲಿಲ್ಲ.
ಹಾಳಾದವು, ಅವತ್ತೇ.

ಮುನ್ನೂರು ರೂಪಾಯಿ ಹಿಡಿದುಕೊಂಡ. ಸಹಿ ಹಾಕಿದ.
ಹೋಗುವಾಗ ಅವನ ಫೋನು ಬಡಿಯಿತು. ಮನೆಯಿಂದಿರಬೇಕು,
"ಹೂಂ ಅಮ್ಮ, ಊಟ ಆಯ್ತು" ಅಂದ,
ನನ್ನ ಟವರಿನ ಕೆಳಗೇ ನಿಂತು, ನನ್ನ ಡೀಸೆಲ್ಲಿನಲ್ಲಿ.
ಊಟ ಆಗಿರಲಿಲ್ಲ ಅವನಿಗೆ.
ಅದನ್ನು ನಾನು ಯಾವ ಪುಟದಲ್ಲೂ ಬರೆಯಲಿಲ್ಲ.

ಕತ್ತಲಾದ ಮೇಲೆ ಇಳಿದೆ, ಖಾಲಿ ಕ್ಯಾನು ದಡಬಡ.
ಮೇಲೆ ಕೆಂಪು ದೀಪಗಳು, ವಿಮಾನಗಳಿಗೆ.
ಕೆಳಗೆ ಹಟ್ಟಿಯಲ್ಲಿ, ಹೊಗೆಯ ನಡುವೆ, ಹಳದಿಯ ಒಂದು ಚುಕ್ಕೆ.
ಮರಿಯೊಂದು ಅರಚಿತು.
ಬೈಕು ನಿಲ್ಲಿಸಿ ಕೈ ಮೂಸಿಕೊಂಡೆ.
ಹೋಗಿಲ್ಲ, ಇನ್ನೂ.