ನಾಲ್ಕನೇ ಪ್ರಶ್ನೆ, ಹತ್ತು ಅಂಕ

ಸೂರು ಹುಡುಕಿ ಸೂರ್ ಎಂಬ ಊರಿಗೆ ಬಂದವಳು ನಾನು.
ಹನ್ನೊಂದು ವರ್ಷವಾಯಿತು. ಕಾಲೇಜಿನ ಎರಡನೇ ಮಹಡಿ,
ಏಸಿಯ ನೀರು ತೊಟ್ಟಿಕ್ಕುವ ಬಕೆಟ್ಟಿನ ಪಕ್ಕ ನನ್ನ ಮೇಜು,
ಕಿಟಕಿಯಾಚೆ ಅರ್ಧ ಕಟ್ಟಿದ ಹಡಗಿನ ಪಕ್ಕೆಲುಬು.
ಕಲಿಸುವುದು: ಪ್ರವಾಸೋದ್ಯಮದಲ್ಲಿ ನೀತಿ.
ವಾರಕ್ಕೆ ಮೂರು ತಾಸು, ಹಾಜರಿ ಕಡ್ಡಾಯ.

ನಾಲ್ಕನೇ ಪ್ರಶ್ನೆ ಪ್ರತಿವರ್ಷ ಅದೇ:
ನಿಯಮ ಮುರಿಯಲು ಅತಿಥಿ ಕೇಳಿದರೆ ಏನು ಮಾಡುವಿರಿ?
ಉತ್ತರವೂ ಅದೇ, ನಾನೇ ಬರೆಸಿದ್ದು:
ಮೊದಲು ಮುಗುಳ್ನಗೆ, ಆಮೇಲೆ ವಿಷಾದ,
ಕೊನೆಗೆ ಮ್ಯಾನೇಜರ್.
ಒಂದೊಂದಕ್ಕೆ ಮೂರಂಕ. ಕೈಬರಹಕ್ಕೆ ಇನ್ನೊಂದು.

ಈ ಸಲ ಮಾಝಿನ್ ಬರೆದಿದ್ದಾನೆ,
ಅರಬಿಯಲ್ಲಿ ಯೋಚಿಸಿ, ಇಂಗ್ಲಿಷಿನಲ್ಲಿ ತಡವರಿಸಿ:

"ಮೇಡಂ, ಇದು ಆಗಲೇ ಆಗಿಹೋಗಿದೆ.
ರಜೆಯ ತರಬೇತಿಗೆ, ಕಡಲಾಮೆಯ ತೀರಕ್ಕೆ, ಪತ್ರ ಕೊಟ್ಟವರು ನೀವೇ.
ಆ ರಾತ್ರಿ ಎಂಟು ಜನ. ಒಬ್ಬನಿಗೆ ಬೆಳಗಿನ ವಿಮಾನ.
ಇಪ್ಪತ್ತು ರಿಯಾಲ್ ಮಡಚಿ ನನ್ನ ಜೇಬಿಗೆ ತುರುಕಿದ.
ಟಾರ್ಚ್ ಹಾಕಿದೆ.
ಅವಳು ಅರ್ಧ ಗುಂಡಿ ತೋಡಿದ್ದಳು.
ತಲೆ ಎತ್ತಿದಳು. ಬಹಳ ಹೊತ್ತು ಏನೂ ಮಾಡಲಿಲ್ಲ.
ಆಮೇಲೆ ತಿರುಗಿ, ಬಂದಷ್ಟೂ ದೂರ ಮೈಯೆಳೆದುಕೊಂಡು, ನೀರಿಗೆ.
ಮೊಟ್ಟೆ ಇಡಲಿಲ್ಲ.
ಅತಿಥಿ ಐದು ನಕ್ಷತ್ರ ಕೊಟ್ಟ, ನನ್ನ ಹೆಸರು ಬರೆದು.
ಮುಗುಳ್ನಗೆ ಇತ್ತು ಮೇಡಂ. ವಿಷಾದ ಯಾರಿಗೆ ಹೇಳಬೇಕಿತ್ತು?"

ಅಷ್ಟೇ. ಉಳಿದ ಪುಟ ಖಾಲಿ.

ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.
ಬಾದಾಮಿ. ಇಪ್ಪತ್ತೆರಡರ ನಾನು, ಕೊರಳಲ್ಲಿ ಗೈಡಿನ ಬಿಲ್ಲೆ.
ಗುಹೆ ಇಳಿದವರನ್ನು ನೇರ ಕೊಟ್ರಬಸಪ್ಪನ ಅಂಗಡಿಗೆ.
ಮೊನ್ನೆ ಕೆತ್ತಿದ ಗಣಪನಿಗೆ ಅವನು
ಹುಣಸೆಹುಳಿ, ಚಹಾದ ಗಸಿ ಬಳಿದು ಸಾವಿರ ವರ್ಷ ತುಂಬಿಸುತ್ತಿದ್ದ;
"ನಮ್ಮಜ್ಜ ಹೊಲ ಉಳುವಾಗ ಸಿಕ್ಕಿದ್ದು" ಎನ್ನುವುದು ನನ್ನ ಪಾಲು.
ನೂರಕ್ಕೆ ಇಪ್ಪತ್ತು.
ಬೆಲ್ಜಿಯಮ್ಮಿನ ಒಬ್ಬ ಮುದುಕಿ ಕೇಳಿದ್ದಳು, ಮೆಲ್ಲಗೆ:
ನಿಮ್ಮ ಮನೆಯದನ್ನು ನಾನು ಒಯ್ಯುವುದು ಸರಿಯೇ?
ಮುಗುಳ್ನಕ್ಕಿದ್ದೆ.
ಎಂಬಿಎ ಅರ್ಜಿ ತುಂಬಿದ್ದು ಆ ದುಡ್ಡಿನಲ್ಲಿ.

ನನ್ನ ಸ್ಲೈಡಿನಲ್ಲಿ ಇದಿಲ್ಲ. ಅಲ್ಲಿರುವುದು
'ಕಲಿಕೆ ಮನುಷ್ಯನನ್ನು ಬದಲಿಸುತ್ತದೆ': ಒಂದು ಬಾಣ,
ನೀಲಿ ವೃತ್ತ, ಇನ್ನೊಂದು ಬಾಣ.

ಭಾನುವಾರ ಪ್ರೊಜೆಕ್ಟರ್ ಹಾಕದೆ ಹೇಳಿಬಿಟ್ಟೆ, ಗಣಪನ ಕಥೆ.
ನಗಲಿಲ್ಲ ಯಾರೂ. ಏನು ಮಾಡುವುದೆಂದು ತೋಚದೆ
ಬೋರ್ಡಿನ ಮೇಲೆ ನನ್ನ ಲಿಪಿಯಲ್ಲಿ 'ಅತಿಥಿ' ಎಂದು ಬರೆದೆ:
ಅ, ತಿಥಿ. ದಿನ ಹೇಳದೆ ಬರುವ ಜೀವ.
ಜುವೈನಾ ಹಿಂದಿನ ಸಾಲಿನಿಂದ: "ಹಾಗಾದರೆ ಆಮೆಯೇ ಮೇಡಂ.
ಆ ಮನುಷ್ಯನ ಹತ್ತಿರ ಬುಕಿಂಗ್ ಇತ್ತು."
ಖಲ್ಫಾನ್ ಎದ್ದ: "ಇಲ್ಲ ಅಂದು ಕೆಲಸ ಹೋದರೆ
ಸಂಬಳ ನೀವು ಕೊಡುತ್ತೀರಾ?"
ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.
ಮಾಝಿನ್ ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದ.
ಇಪ್ಪತ್ತು ರಿಯಾಲ್ ಏನಾಯಿತೆಂದು ಯಾರೋ ಕೇಳಿದರು.
"ಕಾರಿಗೆ ಪೆಟ್ರೋಲ್. ತಂಗಿಗೆ ಚಪ್ಪಲಿ.
ಸ್ವಲ್ಪ ಉಳಿದಿದೆ, ಮುಟ್ಟಿಲ್ಲ."

ಇವತ್ತು ರಾತ್ರಿ ಹನ್ನೆರಡಕ್ಕೆ ಅಂಕದ ಕಿಂಡಿ ಮುಚ್ಚುತ್ತದೆ.
ಅವನ ಹೆಸರಿನ ಮುಂದೆ ಮಿಣುಕುವ ಚೌಕ.
ನಿಯಮದ ಪ್ರಕಾರ ಸೊನ್ನೆ. ಒತ್ತಿದೆ.
ದುಂಡಗೆ, ಬೆಳ್ಳಗೆ, ಗುಂಡಿಗೆ ಬಿದ್ದ ಮೊಟ್ಟೆಯ ಹಾಗೆ
ಕೂತಿತು ಅದು. ಅಳಿಸಲು ಕೈ ಬರಲಿಲ್ಲ,
ಅದರ ಹಿಂದೆ ಒಂದನ್ನು ಇಡಲೂ.
ಕೋಣೆಯ ದೀಪ ಆರಿಸಿದೆ. ಮುಖದ ಮೇಲೆ
ಪರದೆಯ ಬಿಳಿ ಬೆಳಕೊಂದೇ ಉಳಿಯಿತು.

ಅದನ್ನೂ ಮಡಚಿದೆ.