ಬಲೆಗೊಂದು ಪಾಲು

ಮುಹರಕ್ಕಿನ ಹಡಗುಕಟ್ಟೆ. ಕ್ಯಾಂಟೀನಿನ ಗೋಡೆಗೆ
ಅರಬಿಯಲ್ಲಿ, ಇಂಗ್ಲಿಷಿನಲ್ಲಿ ನೋಟೀಸು:
ಕಂಪನಿ ಷೇರು ಮಾರುತ್ತದಂತೆ. ಹತ್ತು ವರ್ಷ ದುಡಿದ ನೌಕರನಿಗೆ
ಇನ್ನೂರು ಷೇರು, ಅರ್ಧ ಬೆಲೆಗೆ, ಸಂಬಳದಲ್ಲಿ ಮುರಿದುಕೊಂಡು.

ನನ್ನದು ಹದಿನೇಳು ವರ್ಷ.
ಎಷ್ಟು ಹಡಗಿನ ಹೊಟ್ಟೆ ಕೆರೆದೆನೋ, ಲೆಕ್ಕ ತುಕ್ಕಿಗೆ ಗೊತ್ತು.
ಹೆಸರು ಮಾತ್ರ ಸುವರ್ಣ.
ಆಫೀಸಿನ ಹುಡುಗಿ ಕಂಪ್ಯೂಟರು ನೋಡಿ ಮೆಲ್ಲಗೆ ಹೇಳಿದಳು:
"ನೀವು ನಮ್ಮವರಲ್ಲ. ಸಪ್ಲೈಯವರ ಆಳು."
ಹೆಲ್ಮೆಟ್ಟಿನ ಮೇಲೆ ಇವರದೇ ಮುದ್ರೆಯಿತ್ತು.
ತೆಗೆದು ಕಂಕುಳಲ್ಲಿಟ್ಟುಕೊಂಡೆ.

ಅಜ್ಜ ಹೇಳುತ್ತಿದ್ದ: ರಂಪಣಿ ಎಳೆದ ದಿನ
ಮರಳಲ್ಲೇ ಪಾಲು. ದೋಣಿಗಿಷ್ಟು, ಬಲೆಗಿಷ್ಟು,
ಹಗ್ಗ ಹಿಡಿದ ಪ್ರತಿ ಕೈಗೂ ಒಂದು.
ಬಲೆಯೂ ಒಬ್ಬನದಲ್ಲ, ಮನೆಮನೆಯ ತುಂಡು ಸೇರಿಸಿ ಹೊಲಿದದ್ದು.
ಗಂಡ ಸತ್ತವಳ ತುಂಡೂ ಅದರೊಳಗೆ ನೀರಿಗಿಳಿಯುತ್ತಿತ್ತು,
ಅವಳ ಬುಟ್ಟಿಗೂ ಮೀನು ಬೀಳುತ್ತಿತ್ತು.
ಆಮೇಲೆ ಬೋಟು ಬಂತು. ಬೋಟಿಗೊಬ್ಬ ಸಾಹುಕಾರ ಬಂದ.
ನಾವು ಕೂಲಿ ಎಂಬ ಶಬ್ದ ಕಲಿತೆವು.

ಇದನ್ನು ಗೇಟಿನ ಬೂ ಖಮೀಸನಿಗೆ ಮುರುಕು ಅರಬಿಯಲ್ಲಿ ಹೇಳಿದೆ.
ಮುದುಕ ಚಹದ ಲೋಟ ಇಳಿಸಿ ನಕ್ಕ:
"ನನ್ನಜ್ಜ ಮುತ್ತಿಗೆ ಮುಳುಗಿದವನು. ಪಾಲಿತ್ತು, ಇಲ್ಲವೆನ್ನಲಾರೆ.
ಮುಳುಗಿದವನಿಗೆ ಮೂರು, ಹಗ್ಗ ಎಳೆದವನಿಗೆ ಎರಡು.
ಲೆಕ್ಕದ ಪುಸ್ತಕ ಮಾತ್ರ ನಾಖುದನ ಪೆಟ್ಟಿಗೆಯಲ್ಲಿ.
ಅಜ್ಜ ಸತ್ತಾಗ ಅಪ್ಪನ ಪಾಲಿಗೆ ಬಂದದ್ದು ಸಾಲ.
ಪಾಲು ಕೇಳು ಮಗನೇ, ಪುಸ್ತಕವನ್ನೂ ಕೇಳು."

ನಮ್ಮ ಕೋಣೆಯಲ್ಲಿ ಕಂಪನಿಯ 'ನಮ್ಮವನು' ಒಬ್ಬನೇ:
ಕ್ರೇನಿನ ಲಿಗೋರಿ ಮಥಾಯಸ್.
ಅವನ ಹೆಸರಿನ ಇನ್ನೂರಕ್ಕೆ ಆರು ಮಂದಿ ಹಣ ಹಾಕಿದೆವು.
ಗ್ಯಾಸಿನ ರಸೀದಿಯ ಬೆನ್ನಿಗೆ ಲಿಗೋರಿ ಎಲ್ಲರ ಹೆಸರು ಬರೆದು
ಅಕ್ಕಿ ಡಬ್ಬಿಯ ಮುಚ್ಚಳದೊಳಗೆ ಅಂಟಿಸಿದ,
ದಿನಾ ಯಾರಾದರೊಬ್ಬರು ತೆರೆಯಲೇಬೇಕಾದ ಕಡೆ.

ಮೊದಲ ಲಾಭಾಂಶ, ತಲೆಗೆ ಒಂದೂಕಾಲು ದಿನಾರು.
ಅಷ್ಟರಲ್ಲಿ ಏನು ಬದಲಾಯಿತು ಎಂದು ಕೇಳಬೇಡಿ,
ನಾನೂ ಕೇಳಿಕೊಂಡಿದ್ದೇನೆ.

ಆ ಶುಕ್ರವಾರ ಎಲ್ಲ ಒಟ್ಟು ಹಾಕಿ ಅಂಜಲ್ ತಂದೆವು.
ಕತ್ತರಿಸಿ, ಪೇಪರಿನ ಮೇಲೆ ಆರು ಗುಂಪು.
ನೇಪಾಳದ ಟೇಕ್ ಬಹಾದೂರ ಗೋಡೆಗೆ ಮುಖ ಮಾಡಿ ನಿಂತ.
ನಾನು ಬೆರಳಿಟ್ಟು ಕೇಳಿದೆ: ಇದು ಯಾರಿಗೆ? ಇದು?
ಅವನು ನೋಡದೆ ಹೆಸರು ಕೂಗಿದ.

ತಲೆ ಮಿಕ್ಕಿತ್ತು. ಇದು ಯಾರಿಗೆ?
ಅವನ ಹತ್ತಿರ ಹೆಸರು ಮುಗಿದಿದ್ದವು.
"ಬಲೆಗೆ," ಎಂದೆ ನಾನೇ. ಲಿಗೋರಿಗೂ ಅರ್ಥವಾಗಲಿಲ್ಲ.

ಸಾರು ಮಾಡಿ, ಬಿಸಿಯಿರುವಾಗಲೇ
ಬೂ ಖಮೀಸನಿಗೆ ಒಯ್ದು ಕೊಟ್ಟೆ.