ಪ್ರಭಾರ

ಮಡಿಕೇರಿಯಿಂದ ಬಂದ ಫೋನು ಇಷ್ಟೇ ಹೇಳಿತು:
ಯಾರಿದ್ದಾರೋ ಅವರೇ ನೋಡಿಕೊಳ್ಳಲಿ.

ಇದ್ದವನು ನಾನು.
ಸಾಹೇಬರ ವರ್ಗಾವಣೆಗೆ ತಡೆಯಾಜ್ಞೆ, ತಡೆಯಾಜ್ಞೆಗೆ ಮೇಲ್ಮನವಿ,
ಇಂಜಿನಿಯರು ಚುನಾವಣೆ ಡ್ಯೂಟಿಗೆ,
ಮ್ಯಾನೇಜರ್ ಪೂವಣ್ಣನವರು ಸೊಂಟ ಹಿಡಿದು ಹಾಸಿಗೆಗೆ.
ಟೈಪಿಸ್ಟ್ ದೇಚಮ್ಮ ಕೈ ಮುಗಿದರು:
ನಂಗೆ ರಿಟೈರಾಗೋಕೆ ಎರಡೇ ತಿಂಗಳು,
ನಿಂಗೇನು ಹೋಗೋದಿದೆ ಐತಪ್ಪ?
ನಿಜವೇ. ಏಳನೇ ಕ್ಲಾಸು, ದಿನಗೂಲಿ, ಎರಡು ಖಾಕಿ ಅಂಗಿ,
ಎದೆಯುದ್ದದ ವಾಲ್ವ್ ಕೀಲಿ ಒಂದು.
ಹೀಗೆ ವಿರಾಜಪೇಟೆ
ತನ್ನ ನೀರುಗಂಟಿಗೆ ಗಂಟುಬಿತ್ತು.

ಕುರ್ಚಿಯ ಬೆನ್ನಿಗೆ ಬಿಳಿ ಟವಲು.
ನನ್ನ ಬೆವರು ಅದಕ್ಕೆ ತಾಗದ ಹಾಗೆ ತುದಿಯಲ್ಲಿ ಕೂತೆ,
ಇಳಿಯುವ ಸ್ಟಾಪು ಹತ್ತಿರವಾದವನಂತೆ.

ಊರನ್ನು ಬಲ್ಲೆ, ಆದರೆ ಕೆಳಗಿನಿಂದ.
ಗಡಿಯಾರ ಕಂಬದ ಅಡಿಗೆ ಅಜ್ಜನ ಕಾಲದ ಬೀಡು ಕಬ್ಬಿಣ,
ಮೊಗರಗಲ್ಲಿಯ ತಿರುವಿನಲ್ಲಿ ಸದಾ ಬಿಕ್ಕುವ ಒಂದು ಜಾಯಿಂಟು,
ಯಾವ ದೊಡ್ಡವರ ಗೋಡೆಯ ಹಿಂದೆ ಮೀಟರಿಲ್ಲದ ಪೈಪು.
ಯಾವ ಬೀದಿಯಲ್ಲಿ ಸಾವಾಯಿತೆಂದು
ಬೆಳಗಿನ ಐದಕ್ಕೇ ತಿಳಿಯುತ್ತದೆ ನನಗೆ,
ಹಂಡೆ ಹಂಡೆ ಎಳೆದು ಒತ್ತಡ ಇಳಿದಿರುತ್ತದೆ.
ಮೇಲಿನ ಊರು, ಕಾಗದದ ಊರು, ಗೊತ್ತಿರಲಿಲ್ಲ.
ಅದು ಕಡತದಲ್ಲಿ ಬಂತು, ದಾರ ಬಿಗಿದುಕೊಂಡು.

ಏನು ಬರೆಯಲಿ, ಅಂದೆ.
'ಚರ್ಚಿಸಿ' ಅಂತ ಬರೆ, ಸಾಹೇಬರೂ ಹಾಗೇ ಬರೀತಿದ್ದರು.
ಮೀನು ಮಾರ್ಕೆಟ್ಟಿನ ಹರಾಜು: ಚರ್ಚಿಸಿ.
ಸುಂಕದಕಟ್ಟೆಯ ಬೀದಿನಾಯಿ: ಚರ್ಚಿಸಿ.
ಮೊಯ್ದು ಕಾಕನ ಹೋಟೆಲಿನ ಮೇಲಂತಸ್ತು: ಚರ್ಚಿಸಿ.
ಒಂದು ಹೆಣ್ಣುಮಗು, ಹೂಮಳೆ ಬಿದ್ದ ದಿನ ಹುಟ್ಟಿದ್ದು,
ಜನನ ಪತ್ರದಲ್ಲಿ ಹೆಸರಿನ ಜಾಗ ಖಾಲಿ.
ಅದರಪ್ಪ ಮೂಟೆ ಇಳಿಸಿ ನೇರ ಬಂದಿದ್ದ,
ರೆಪ್ಪೆಯ ಮೇಲೆ ಕಾಫಿ ಹೊಟ್ಟಿನ ಪುಡಿ.
ಅಲ್ಲಿ ಮಾತ್ರ ಪೂರ್ತಿ ಹೆಸರು ಬರೆದೆ,
ಅಕ್ಷರ ಅಕ್ಷರವಾಗಿ. ಗೆರೆ ಸಾಲಲಿಲ್ಲ.

ಐದನೆಯ ದಿನ ಬಾಗಿಲ ತುಂಬ ಕೊಡಗಳು,
ನೀಲಿ, ಕಿತ್ತಳೆ, ಎಲ್ಲ ಖಾಲಿ.
ನೆಹರೂ ನಗರದ ಹೆಂಗಸರು, ಮುಂದೆ ಖತೀಜುಮ್ಮ:
ನಾಲ್ಕು ದಿನದಿಂದ ಹನಿ ನೀರಿಲ್ಲ ಸಾರ್,
ಆ ನೀರುಗಂಟಿ ಎಲ್ಲಿ ಕುಡಿದು ಬಿದ್ದಿದ್ದಾನೋ!
ಸಾಲದ ಬಿಳಿ ಶರಟಿನಲ್ಲಿ ನನ್ನ ಗುರುತು ಸಿಗಲಿಲ್ಲವೋ,
ಸಿಕ್ಕಿಯೂ ಬೈದರೋ.

ಬದಲಿ ಆಳು ಬೇಕೆಂಬ ಕಡತ
ನನ್ನ ಮೇಜಿನ ಮೇಲೇ ಇತ್ತು.
ಅದಕ್ಕೂ ಬರೆದಿದ್ದೆ: ಚರ್ಚಿಸಿ.

ದೂರು ಬಂದ ಮೇಲೆ ನೋಟೀಸು ಕೊಡಲೇಬೇಕು, ಅಂದರು ದೇಚಮ್ಮ.
ಟೈಪಾಯಿತು. ಶ್ರೀ ಐತಪ್ಪ, ನೀರುಗಂಟಿ, ಇವರಿಗೆ.
ಕರ್ತವ್ಯಲೋಪ. ಮೂರು ದಿನದೊಳಗೆ ಸಮಜಾಯಿಷಿ.
ಸಹಿ: ಐತಪ್ಪ, ಪ್ರಭಾರ.
ಪಡೆದುಕೊಂಡವರ ಸಹಿ: ಐತಪ್ಪ.
ಎರಡನೆಯದು ಎಷ್ಟು ಸಲೀಸಾಗಿ ಬಂತು!

ಸಮಜಾಯಿಷಿ ಬರೆಯಲಿಲ್ಲ.
ರಾತ್ರಿ ಕೀಲಿಯನ್ನು ಹೆಗಲಿಗೇರಿಸಿ ಟ್ಯಾಂಕಿನ ಗುಡ್ಡ ಹತ್ತಿದೆ.
ಕತ್ತಲೆಯೆಲ್ಲ ಕಾಫಿ ಹೂವಿನ ಘಮ, ತಲೆ ಸುತ್ತುವಷ್ಟು.
ಬೇತ್ರಿಯಿಂದ ಹತ್ತಿ ಬಂದ ನೀರು
ತುಂಬಿ, ಚೆಲ್ಲಿ, ಸುತ್ತಲಿನ ಕಾಡುಕೆಸುವನ್ನು
ಸುಮ್ಮನೆ ಸಾಕುತ್ತಿತ್ತು.
ಎಡಕ್ಕೆ ಇಪ್ಪತ್ತೆರಡು ಸುತ್ತು, ಅಂಗೈಗೆ ಲೆಕ್ಕ ಗೊತ್ತು.
ಮೊದಲು ಗಾಳಿ. ಪೈಪು ಕೆಮ್ಮಿತು.
ಆಮೇಲೆ ಕೆಳಗೆ ಒಂದು ದೀಪ,
ಒಂದು ಕೊಡದ ಸದ್ದು, ಯಾರೋ ಯಾರನ್ನೋ ಎಬ್ಬಿಸುವ ಕೂಗು,
ಇನ್ನೊಂದು ದೀಪ.
ಬಿಳಿ ಶರಟು ತೊಯ್ದು ಮೈಗಂಟಿತ್ತು.
ಪೂವಣ್ಣನವರಿಗೆ ಏನು ಹೇಳುವುದು ಎಂಬುದೊಂದೇ ಚಿಂತೆ.

ಸೋಮವಾರ ಹೊಸ ಸಾಹೇಬರು ಬಂದರು.
ಟವಲು ಬದಲಾಯಿಸಿದರು. ಕಡತ ತಿರುವಿದರು.
ಈ ನೀರುಗಂಟಿ ನೋಟೀಸಿಗೆ ಉತ್ತರವನ್ನೇ ಕೊಟ್ಟಿಲ್ಲವಲ್ಲ?
ದೇಚಮ್ಮ ಕಿಟಕಿಯ ಹೊರಗೆ ನೋಡಿದರು.

ಎರಡು ದಿನದ ಕೂಲಿ ಕಡಿತ.
ಸಹಿ ಸಣ್ಣದು,
ಓದಲಾಗದು, ಓದಿದವರದು.